ದುಂಡಮ್ಮನ ಪಗಾರ, ದುಂಡಮ್ಮನ ಗಂಟು

ಕಮಲಾಪುರದ ದುಂಡಮ್ಮನಿಗೆ ತಿಂಗಳಿಗೆ ನೂರು ರೂಪಾಯಿ ವಿಧವಾ ಪಿಂಚಣಿ ಬರುತ್ತಿತ್ತು. ಅದನ್ನು ಅವಳು 'ನನ್ನ ಪಗಾರ' ಎನ್ನುತ್ತಿದ್ದಳು. ಪೋಸ್ಟ್‌ಮ್ಯಾನ್ ದೇವಿಂದ್ರಪ್ಪ ಮನಿಯಾರ್ಡರ್ ತಂದ ದಿನ ಅವನಿಗೆ ಚಹಾದ ಜೊತೆಗೊಂದು ಕೆಂಪು ಬಾಳೆಹಣ್ಣು ತಪ್ಪುತ್ತಿರಲಿಲ್ಲ. ಕೈ ದೊಡ್ಡದು ನಮ್ಮ ದುಂಡಮ್ಮನದು. ವಾರ ತುಂಬುವುದರೊಳಗೆ ಪಗಾರ ಖಾಲಿ.

ಪಕ್ಕದ ಮನೆಯ ಮಸ್ತಾನಬಿ ಮಹಿಳಾ ಸಂಘ ನಡೆಸುತ್ತಿದ್ದಳು.

"ಅಕ್ಕಾ, ವಾರಕ್ಕ ಐದು ರೂಪಾಯಿ ಸಂಘದಾಗ ಹಾಕು."

"ನನಗ್ಯಾಕ ತಂಗಿ? ಪಗಾರ ಬರ್ತದ, ರೇಶನ್ ಸಿಗ್ತದ, ಸರಕಾರಿ ದವಾಖಾನಿ ಪುಕ್ಕಟ. ಉಳಿತಾಯ ಏನಿದ್ರೂ ದಿಕ್ಕಿಲ್ದವರಿಗೆ."

ಆ ಶ್ರಾವಣದಲ್ಲಿ ಕಲಬುರಗಿಯಿಂದ ಸುದ್ದಿ ಬಂತು. ಮಗಳು ಭೀಮಬಾಯಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಸರಕಾರಿ ದವಾಖಾನೆಯಲ್ಲಿ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅಳಿಯ ಕಪನೂರಿನ ಕಾರ್ಖಾನೆಯಲ್ಲಿ ದಿನಗೂಲಿ, ತಪ್ಪಿಸಿದ ದಿನಕ್ಕೆ ಕೂಲಿಯಿಲ್ಲ. ದುಂಡಮ್ಮ ಇದ್ದ ಚೂರುಪಾರು ಹಣ ಸೆರಗಿಗೆ ಕಟ್ಟಿಕೊಂಡಳು.

"ದೇವಿಂದ್ರಪ್ಪ ನಮ್ಮಂವ. ನನ್ನ ಪಗಾರ ನಿನ್ನ ಕಡಿ ಕೊಡ್ತಾನ, ಇಟಗೊ" ಎಂದು ಮಸ್ತಾನಬಿಗೆ ಹೇಳಿ ಬೀಗ ಹಾಕಿ ಹೊರಟಳು.

ದವಾಖಾನೆಯಲ್ಲಿ ಔಷಧಕ್ಕೂ ಹಾಸಿಗೆಗೂ ಯಾರೂ ಒಂದು ಪೈಸೆ ಕೇಳಲಿಲ್ಲ. ಆದರೆ ಬಾಣಂತಿಗೆ ಹಾಲು ಬೇಕು, ತನಗೆರಡು ರೊಟ್ಟಿ ಬೇಕು. ಹತ್ತನೆಯ ದಿನ ಸೆರಗಿನ ಗಂಟು ಬರಿದಾಯಿತು. "ಪಗಾರ ತಗೊಂಡು ಸಂಜಿಗೆ ಬರ್ತೀನವ್ವಾ" ಎಂದು ಮಗಳ ತಲೆ ಸವರಿ ಕಮಲಾಪುರದ ಬಸ್ಸು ಹತ್ತಿದಳು.

ದೇವಿಂದ್ರಪ್ಪ ತಲೆ ತಗ್ಗಿಸಿದ. "ಎರಡು ಸಲ ಬಂದಿದ್ದೆ ಆಯಿ. ನಿನ್ನ ಹೆಬ್ಬೆಟ್ಟಿಲ್ದ ಯಾರ ಕೈಯಾಗೂ ಕೊಡಂಗಿಲ್ಲ. ಏಳು ದಿನ ಇಟಗೊಂಡು ನಿನ್ನೆ ವಾಪಸ್ ಕಳಿಸೀನಿ."

ದುಂಡಮ್ಮ ಮಸ್ತಾನಬಿಯ ಮನೆಯ ಕಟ್ಟೆಗೆ ಬಂದು ಕುಳಿತಳು. "ಮಗಳು ಒಬ್ಬಾಕಿನೇ ಬಾಗಿಲ ಕಡಿ ನೋಡಾಕತ್ತಿರ್ತಾಳ. ಬರಿಗೈಲಿ ಹ್ಯಾಂಗ ಹೋಗಲಿ?"

ಮಸ್ತಾನಬಿ ಬಯ್ಯಲಿಲ್ಲ. ಸಂಘದ ಹೆಂಗಸರನ್ನು ಕೇಳಿ ನೂರೈವತ್ತು ರೂಪಾಯಿ ತಂದು ಅವಳ ಸೆರಗಿಗೆ ಕಟ್ಟಿದಳು. ಬಸ್ ಸ್ಟ್ಯಾಂಡಿನವರೆಗೂ ಅವಳ ಕೈ ಹಿಡಿದುಕೊಂಡೇ ನಡೆದಳು.

ಕೂಸು ಉಳಿಯಿತು. ಊರಿಗೆ ಮರಳಿದ ದುಂಡಮ್ಮ ತಾನಾಗಿಯೇ ಸಂಘಕ್ಕೆ ಬಂದು ಕುಳಿತಳು.

"ಎಷ್ಟು ಕೂಡಿಸಬೇಕು ತಂಗಿ? ಸಾವಿರಗಟ್ಟಲೆ ನನ್ನ ಕೈಲಿ ಆಗಂಗಿಲ್ಲ."

"ಸಾವಿರ ಯಾರು ಕೇಳ್ಯಾರ ಅಕ್ಕಾ? ಪಿಂಚಣಿ, ರೇಶನ್, ದವಾಖಾನಿ ಇಲ್ಲದಿದ್ರ ದೊಡ್ಡ ಗಂಟೇ ಬೇಕಿತ್ತು. ಅವು ಅದಾವ, ಅದಕ್ಕ ನಿನಗ ಸಣ್ಣದು ಸಾಕು. ಬಸ್ಸಿನ ಖರ್ಚು, ಹಾಲಿನ ಖರ್ಚು, ಪಗಾರ ತಡ ಆದ್ರ ಎರಡು ತಿಂಗಳ ಉಪ್ಪು, ಎಣ್ಣಿ. ಅಷ್ಟೇ."

ಮರುವರ್ಷ ಮೊಮ್ಮಗಳಿಗೆ ಜ್ವರ ಬಂತು. ದುಂಡಮ್ಮ ವಾರವಾರ ಸಂಘದಲ್ಲಿ ಕೂಡಿಸಿದ್ದ ತನ್ನದೇ ಹಣ ಪಡೆದು ಕಲಬುರಗಿಗೆ ಹೋದಳು. ಜ್ವರ ಇಳಿಯುವತನಕ ಮಗಳನ್ನು ಬಿಟ್ಟು ಕದಲಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ಸಲ್ಲಬೇಕಾದ ಪಿಂಚಣಿ, ರೇಶನ್ ಬಿಡಬೇಡಿ, ಕೇಳಿ ಪಡೆಯಿರಿ. ಜೊತೆಗೊಂದು ಸಣ್ಣ ಗಂಟು ಈ ವಾರದಿಂದಲೇ ಕಟ್ಟಿ. ಪಿಂಚಣಿ ಮನೆ ಬಾಗಿಲಿಗೆ ಬರುತ್ತದೆ, ನಿಜ. ಆದರೆ ಮಕ್ಕಳು ಕರೆದ ದಿನ ನೀವು ಮನೆಯಲ್ಲಿ ಕೂತಿರುತ್ತೀರಾ?