ಹಳದಿಯ ಮೇಲೆ ಬಿಳಿ

ರೋಲರ್ ಒಣಗುತ್ತಿದೆ, ಸದ್ದಿನಲ್ಲೇ ಗೊತ್ತಾಗುತ್ತದೆ, ಬಣ್ಣ ತುಂಬಿದ್ದಾಗ ಒದ್ದೆ ರಸ್ತೆಯ ಮೇಲೆ ಕಾರು ಹೋದ ಹಾಗೆ ಸುಂಯ್ ಅನ್ನುತ್ತದೆ, ಖಾಲಿಯಾಗುತ್ತ ಬಂದರೆ ಅಂಟು ಕಿತ್ತ ಹಾಗೆ ಪಟಪಟ — ಅದ್ದಬೇಕು, ಟ್ರೇಯ ಇಳಿಜಾರಿನಲ್ಲಿ ಹೊರಳಿಸಬೇಕು, ಮತ್ತೆ ಗೋಡೆ, ಕೆಳಗಿನಿಂದ ಮೇಲಕ್ಕೆ, ಬಿಳಿ, ಆದರೂ ಹಳದಿ ಇಣುಕುತ್ತಿದೆ, ಇನ್ನೊಂದು ಕೋಟ್ ಬೇಕೇ ಬೇಕು, ಸಂಜೆ ಕೈಸಾ ಬರುತ್ತಾಳೆ, ನನ್ನ ಅಕ್ಕ, ಆಸ್ಪತ್ರೆಯಿಂದ, ಮಗು ಇಲ್ಲದೆ. ಉಸಿರಿಲ್ಲದೆ ಹುಟ್ಟಿತು, ಹೆಣ್ಣು. ಅಷ್ಟನ್ನು ಭಾವ ಡ್ಯಾರಿಲ್ ಫೋನಿನಲ್ಲಿ ಹೇಳಿದ, ಅಮ್ಮ ಫೋನಿಟ್ಟು ಮೇಜು ಒರೆಸಿದಳು, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು, ಐಲಿ, ಅವಳು ಬರೋದ್ರೊಳಗೆ ಮಗುವಿನ ಕೋಣೆ ಮಾಮೂಲಿ ಕೋಣೆ ಆಗಿರ್ಲಿ, ಹಳದಿ ಕಂಡ್ರೆ ಎದೆ ಒಡ್ಕೊಂಡ್ಬಿಡ್ತಾಳೆ ಅಂದಳು, ನಾನು ಹೂಂ ಅಂದೆ. ಕೈಸಾನ ಕೇಳಿದ್ಯಾ ಅಮ್ಮ ಅನ್ನಬೇಕಿತ್ತು, ಹೂಂ ಅಂದೆ. ನಮ್ಮ ಮನೆಯವರು ಅಳುವುದಿಲ್ಲ, ಬಣ್ಣ ಬಳಿಯುತ್ತೇವೆ, ಅಜ್ಜ ತೀರಿಕೊಂಡ ವಾರ ಅಡುಗೆಮನೆ ಹಸಿರಾಯಿತು, ಏರ್ವೋ ಚಿಕ್ಕಪ್ಪ ಸರೋವರದ ಮಂಜುಗಡ್ಡೆ ಒಡೆದು ಮುಳುಗಿದ ಚಳಿಗಾಲ ಅಪ್ಪ ಹಜಾರಕ್ಕೆ ಎರಡು ಸಲ ಬಳಿದ, ಮೊದಲನೆಯದು ಚೆನ್ನಾಗಿಯೇ ಇತ್ತು, ಬಂದವರಿಗೆಲ್ಲ ಕಾಫಿ, ಏಲಕ್ಕಿ ಬ್ರೆಡ್ಡು, ಬಣ್ಣ ಚೆನ್ನಾಗಿ ಕೂತಿದೆ ಅಂದರು ಅವರು, ಹೌದು, ಚೆನ್ನಾಗಿ ಕೂತಿದೆ ಅಂದ ಅಪ್ಪ, ಏರ್ವೋ ಹೆಸರನ್ನು ಆಮೇಲೆ ಯಾರೂ ಎತ್ತಲಿಲ್ಲ —

ಮೂರು ಗೋಡೆ ಆಯಿತು, ಉಳಿದದ್ದು ಕಿಟಕಿಯ ಎದುರಿನದು, ಅಕ್ಕನೇ ಹಳದಿ ಬಳಿದದ್ದು. ಹೊಟ್ಟೆ ಹೊತ್ತು, ಭಾವನ ಹಳೆ ಅಂಗಿ ತೊಟ್ಟು, ಇಷ್ಟು ಸುಲಭದ ಕೆಲಸಕ್ಕಾ ಅಪ್ಪ ಜನರ ಹತ್ರ ಅಷ್ಟೊಂದು ದುಡ್ಡು ಕೀಳೋದು, ಅಂತ ನಗುತ್ತ, ಒತ್ತಬೇಡ್ವೇ, ಅದರ ಪಾಡಿಗೆ ಅದು ಉರುಳ್ಲಿ ಅಂದೆ ನಾನು, ಅಬ್ಬಾ, ಇವಳಿಗೂ ಬಾಯಿದೆ, ಬಣ್ಣದ ವಿಷಯ ಬಂದ್ರೆ ನೋಡು ಹೇಗೆ ಮಾತಾಡ್ತಾಳೆ ಅಂದಳು. ಹತ್ತನೆಯ ತರಗತಿ ಬಿಟ್ಟು ಅಪ್ಪನ ಪೇಂಟಿಂಗ್ ವ್ಯಾನು ಹತ್ತಿದ ಮೇಲೆ ನನಗೆ ಗೋಡೆಗಳ ಜೊತೆ ಮಾತ್ರ ಸಲೀಸು, ಗೋಡೆ ತಿರುಗಿ ಏನೂ ಕೇಳುವುದಿಲ್ಲ. ಅಕ್ಕ ಒತ್ತಿದಳು, ಒತ್ತಿದಲ್ಲೆಲ್ಲ ರೋಲರಿನ ಅಂಚು ಗೆರೆ ಬಿಟ್ಟಿತು, ದಪ್ಪ ಗೆರೆಗಳು, ಹಾಗೇ ಗಟ್ಟಿಯಾಗಿವೆ, ಬೆರಳಿಟ್ಟರೆ ಸಿಗುತ್ತವೆ. ಬೆಳಿಗ್ಗೆ ಅಪ್ಪ ನೋಡಿದ, ಅದನ್ನ ಉಜ್ಜಿ ತೆಗಿ, ಇಲ್ದಿದ್ರೆ ಬಿಳಿಯ ಕೆಳಗಿಂದ ಎದ್ದು ಕಾಣ್ಸುತ್ತೆ, ಮರಳು ಕಾಗದ ಕೊಟ್ಟು ಕೆಳಗೆ ಹೋದ, ತೊಟ್ಟಿಲು ಮಂಚ ಬಿಚ್ಚುತ್ತಿದ್ದಾನೆ, ಒಂದೊಂದು ಸ್ಕ್ರೂ ಡಬ್ಬಿಗೆ ಬೀಳುವುದು ಇಲ್ಲಿಗೆ ಕೇಳುತ್ತದೆ. ಉಜ್ಜಲಿಲ್ಲ. ಕಾಗದ ಜೇಬಿನಲ್ಲಿದೆ. ಹಳದಿ ಹೋಗಲಿ, ಅವಳ ಕೈಯ ಒತ್ತು ಇರಲಿ, ಯಾರಿಗೂ ಕಾಣದಿದ್ದರೂ ಪರವಾಗಿಲ್ಲ — ಶುರು ಮಾಡಿದ್ದೇನೆ, ಇನ್ನು ನಿಲ್ಲಿಸುವಂತಿಲ್ಲ, ಗೋಡೆಯ ನಡುವೆ ನಿಂತರೆ ಅಂಚು ಒಣಗಿ ಮಚ್ಚೆ ಉಳಿಯುತ್ತದೆ, ಮೂಲೆ ಮುಟ್ಟುವ ತನಕ ಎಳೆಯಬೇಕು, ಮೇಲೆ, ಕೆಳಗೆ, ಕಾರಿನ ಬಾಗಿಲು, ಯಾರದು, ಪಕ್ಕದ ಮನೆಯದಿರಬೇಕು, ಸ್ಕ್ರೂ ಬೀಳುವುದು ನಿಂತಿದೆ, ಅಯ್ಯೋ ಆಸ್ಪತ್ರೇಲಿ ಇಷ್ಟು ಬೇಗ ಬಿಟ್ಬಿಟ್ರಾ ಅನ್ನುತ್ತಿದ್ದಾಳೆ ಅಮ್ಮ, ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ, ಒಂದು, ನಿಂತು, ಇನ್ನೊಂದು.

ಬಾಗಿಲಲ್ಲಿ ಅಕ್ಕ. ಮಣಿಕಟ್ಟಿನಲ್ಲಿ ಆಸ್ಪತ್ರೆಯ ಹೆಸರಿನ ಪಟ್ಟಿ ಇನ್ನೂ ಇದೆ. ಮೂರು ಬಿಳಿ ಗೋಡೆ ನೋಡಿದಳು, ಅರ್ಧ ಹಳದಿ ಉಳಿದ ನಾಲ್ಕನೆಯದನ್ನು ನೋಡಿದಳು, ನನ್ನನ್ನು ನೋಡಿದಳು. ಯಾರೇ ಹೇಳಿದ್ದು ನಿಂಗೆ ಅಂದಳು. ದಾರಿಯುದ್ದ ಡ್ಯಾರಿಲ್‌ಗೆ ಹೇಳ್ತಾ ಬಂದೆ, ಇವತ್ತೊಂದು ರಾತ್ರಿ ಮಗಳ ಕೋಣೇಲೇ ಮಲಗ್ತೀನಿ, ನೆಲದ ಮೇಲಾದ್ರೂ ಸರಿ ಅಂತ, ಅವನು ಸುಮ್ನೆ ಕಾರು ಓಡಿಸ್ತಿದ್ದ, ಅವನಿಗೂ ಗೊತ್ತಿತ್ತಲ್ವಾ, ಎಲ್ಲರಿಗೂ ಗೊತ್ತಿತ್ತು. ಅಮ್ಮ ಹಿಂದಿನಿಂದ ಅವಳ ಭುಜ ಹಿಡಿದಳು, ಬಾ ಕಂದಾ, ಕಾಫಿ ಬಿಸಿಯಿದೆ, ನೋಡು, ಬಣ್ಣ ಎಷ್ಟು ಚೆನ್ನಾಗಿ ಕೂತಿದೆ. ಅಕ್ಕ ಕದಲಲಿಲ್ಲ. ಬೂದು ಅಂಗಿ, ಎದೆಯ ಮೇಲೆ ಎರಡು ಒದ್ದೆ ಕಲೆ, ನೀರು ಚೆಲ್ಲಿಕೊಂಡಳೇ, ಎರಡೂ ಒಂದೇ ಅಳತೆ, ಗುಂಡಗೆ — ಹಾಲು. ಮಗು ಇಲ್ಲ ಅಂತ ಮೈಗೆ ಯಾರೂ ಹೇಳಿಲ್ಲ. ರೋಲರ್ ಗೋಡೆಯ ಮೇಲೆ ನಿಂತಿದೆ, ಅಂಚು ಒಣಗುತ್ತಿದೆ, ಎಳೆಯಬೇಕು, ಎರಡು ಒದ್ದೆ ಕಲೆ, ಅಮ್ಮ ಕಾಫಿ ಅನ್ನುತ್ತಿದ್ದಾಳೆ, ಎಳೆಯಬೇಕು, ಬೂದು ಬಟ್ಟೆಯ ಮೇಲೆ ಎರಡು ಒದ್ದೆ ಕಲೆ, ದೊಡ್ಡದಾಗುತ್ತಿವೆ, ಎರಡು —