ಬಟ್ಟೆ ತಂತಿಯ ಮೇಲೆ ರಸ್ತೆ ಫಲಕ

ಲಾಂಡ್ರಿ ವ್ಯಾನಿನ ಮುಂದಿನ ಮೂಲೆ ನುಜ್ಜುಗುಜ್ಜಾಗಿತ್ತು. ಕಂಬಕ್ಕೆ ಗುದ್ದಿದವನು ಗಂಜಿಯಣ್ಣ. ಆದರೆ ಅವನ ಮಾತು ಕೇಳಿದರೆ, ಕಂಬವೇ ಎದ್ದು ಬಂದು ವ್ಯಾನಿಗೆ ಗುದ್ದಿದಂತಿತ್ತು.

"ನಿನ್ನೆವರೆಗೂ ಅಲ್ಲಿ ಕಂಬ ಇರ್ಲಿಲ್ಲ ಕಣೇ. ರಾತ್ರೋರಾತ್ರಿ ತಂದು ನೆಟ್ಟಿದ್ದಾರೆ," ಎಂದ ಹೆಂಡತಿಗೆ.

"ನೆಟ್ಟು ತಿಂಗಳಾಯ್ತು," ಎಂದಳು ಅವಳು, ದಿಂಬಿನ ಚೀಲದ ಮೇಲಿಂದ ಇಸ್ತ್ರಿಪೆಟ್ಟಿಗೆ ಎತ್ತದೆ. "ಇವತ್ತೊಂದಿನ ನಾನು ಜೊತೆಗೆ ಬರ್ಲಿಲ್ಲ, ನೋಡಿ."

ಗಂಜಿಯಣ್ಣ ಕಾಲರು ತೀಡಿಕೊಂಡು ಹಿಂದಿನ ಅಂಗಳಕ್ಕೆ ಹೋದ.

ಗಂಜಿಯಣ್ಣನಿಗೆ ಆ ಹೆಸರು ಬಂದದ್ದು ಅವನ ಕಾಲರಿನಿಂದ. ಗಂಜಿ ಹಾಕಿ ತೀಡಿದ ಆ ಕಾಲರು ಬೆಳಗಿನಿಂದ ಸಂಜೆಯವರೆಗೂ ಬಗ್ಗುತ್ತಿರಲಿಲ್ಲ. ಒಳಗಿದ್ದ ಮನುಷ್ಯನೂ ಬಗ್ಗುವವನಲ್ಲ ಎಂದು ಬೀದಿಯವರು ನಗುತ್ತಿದ್ದರು. ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು, ಹಿಂದಿನ ಅಂಗಳದಲ್ಲಿ ಒಗೆಯುವ ಯಂತ್ರ ಮತ್ತು ಉದ್ದಕ್ಕೆ ಕಟ್ಟಿದ ತಂತಿಗಳು. ಅವನ ಸಂಸಾರವೆಲ್ಲ ಇವುಗಳ ನಡುವೆಯೇ. ದಿನಾ ಬೆಳಗ್ಗೆ ರೋಗಿಗಳು ಏಳುವ ಮೊದಲೇ ಆಸ್ಪತ್ರೆಗೆ ಒಗೆದ ಹಾಸಿಗೆ ಬಟ್ಟೆ ತಲುಪಬೇಕು. ಅದೇ ಅವರ ಅನ್ನದ ದಾರಿ.

ಆದರೆ ಗಂಜಿಯಣ್ಣನ ಹೊಟ್ಟೆಯೊಳಗೆ ಒಂದು ಗುಟ್ಟಿತ್ತು. ಎಷ್ಟೋ ತಿಂಗಳಿಂದ ಅವನ ಕಣ್ಣು ಮಂಜಾಗಿತ್ತು. ರಸ್ತೆಯ ಪ್ರತಿ ತಿರುವೂ ಬಾಯಿಪಾಠವಾಗಿದ್ದರಿಂದ ಅಭ್ಯಾಸಬಲದ ಮೇಲೆ ವ್ಯಾನು ಓಡಿಸುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ವ್ಯಾನು ನಿಲ್ಲುತ್ತದೆ, ವ್ಯಾನು ನಿಂತರೆ ಆಸ್ಪತ್ರೆಯ ಕೆಲಸ ಕೈ ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ಸ್ಟಿಯರಿಂಗ್ ಬಿಟ್ಟ ತಾನು ಮನೆಯಲ್ಲಿ ಯಾವ ಲೆಕ್ಕಕ್ಕೆ ಎಂಬ ಅಳುಕು ಅವನನ್ನು ಒಳಗೇ ಕೊರೆಯುತ್ತಿತ್ತು.

ಇತ್ತೀಚೆಗೆ ಹೆಂಡತಿ ಬೆಳಗಿನ ಟ್ರಿಪ್ಪಿಗೆ ಜೊತೆಗೆ ಬಂದು ಕೂರುತ್ತಿದ್ದಳು. ಕೂತರೆ ಬಾಯಿ ಸುಮ್ಮನಿರುತ್ತಿರಲಿಲ್ಲ. "ಸೈಕಲ್ ಬಂತು ನೋಡಿ. ಆ ನಾಯಿಗೆ ರಸ್ತೆಯೇ ಹಾಸಿಗೆ. ಲಾರಿಯವನು ಹಿಂದೆ ತಗೋತಿದ್ದಾನೆ." ರೇಡಿಯೋ ಬೇರೆ ಯಾಕೆ ಬೇಕು ಎಂದು ಗಂಜಿಯಣ್ಣ ಗೊಣಗುತ್ತಿದ್ದ.

ಆ ಸಂಜೆ ಅವಳು ಇಸ್ತ್ರಿಪೆಟ್ಟಿಗೆ ಆರಿಸಿ, ನೇರವಾಗಿ ವಿಷಯಕ್ಕೇ ಬಂದಳು. "ನಾನು ಡ್ರೈವಿಂಗ್ ಕಲೀತೀನಿ. ಲೈಸೆನ್ಸ್ ಮಾಡಿಸ್ತೀನಿ."

ಗಂಜಿಯಣ್ಣ ನಕ್ಕ. "ವ್ಯಾನು ಅಂದ್ರೆ ಇಸ್ತ್ರಿಪೆಟ್ಟಿಗೆ ಅಂದ್ಕೊಂಡ್ಯಾ, ಹಿಂದೆ ಮುಂದೆ ತಳ್ಳೋಕೆ?"

ಮೂಲೆಯಲ್ಲಿ ದಿಂಬಿನ ಚೀಲ ಮಡಿಸುತ್ತಿದ್ದ ಅವನ ತಾಯಿ ತಲೆ ಎತ್ತಿದಳು. "ಅವಳು ಇಸ್ತ್ರಿ ಮಾಡ್ವಾಗ ಒಂದು ಬಟ್ಟೆನೂ ಸುಟ್ಟಿಲ್ಲ. ನೀನು ಕಂಬ ಗುದ್ದಿ ಬಂದಿದ್ದೀಯ. ಯಾವುದು ವಾಸಿ?"

ಅಷ್ಟರಲ್ಲಿ ಸಮವಸ್ತ್ರ ಇಸ್ತ್ರಿಗೆ ಕೊಡಲು ಪಕ್ಕದ ಮನೆಯ ಬಸ್ಸಕ್ಕ ಬಂದಳು. ಶಾಲಾ ಬಸ್ಸು ಓಡಿಸುವವಳು. ಮಕ್ಕಳಿಟ್ಟ ಆ ಹೆಸರನ್ನು ದೊಡ್ಡವರೂ ಹಿಡಿದುಕೊಂಡಿದ್ದರು. ವಿಷಯ ಕೇಳಿ ಅವಳ ಮುಖ ಅರಳಿತು.

"ಮೊದಲು ಕಲಿಕಾ ಲೈಸೆನ್ಸ್ ತಗೋಬೇಕು ಅತ್ತಿಗೆ," ಎಂದಳು. "ಅದಕ್ಕೊಂದು ಪರೀಕ್ಷೆ ಇದೆ. ರಸ್ತೆ ಫಲಕ, ರಸ್ತೆ ನಿಯಮ, ಅಷ್ಟೇ. ಕಂಪ್ಯೂಟರಿನಲ್ಲಿ ಪ್ರಶ್ನೆ ಬರುತ್ತೆ, ಸರಿ ಉತ್ತರ ಒತ್ತಬೇಕು. ಅದು ಪಾಸಾದ್ಮೇಲೆ ಎಲ್ ಬೋರ್ಡ್ ಹಾಕ್ಕೊಂಡು, ಲೈಸೆನ್ಸ್ ಇರೋರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓಡಿಸೋದು ಕಲೀಬೇಕು. ಕೈ ಚೆನ್ನಾಗಿ ಕೂತ ಮೇಲೆ ಡ್ರೈವಿಂಗ್ ಪರೀಕ್ಷೆ. ಆಮೇಲೆ ಪೂರ್ತಿ ಲೈಸೆನ್ಸ್."

"ಇಷ್ಟೆಲ್ಲ ಯಾಕಮ್ಮ? ಖಾಲಿ ಮೈದಾನದಲ್ಲಿ ನಾಲ್ಕು ದಿನ ನಾನೇ ಕಲಿಸಿದ್ರೆ ಸಾಲ್ದಾ?" ಎಂದ ಗಂಜಿಯಣ್ಣ.

"ಮೈದಾನದಲ್ಲಿ ಯಾರೂ ಎದುರಿಗೆ ಬರಲ್ಲ ಅಣ್ಣ. ರಸ್ತೇಲಿ ಬರ್ತಾರೆ. ಲೈಸೆನ್ಸ್ ಇಲ್ದೆ ಏನಾದ್ರೂ ಆಯ್ತು ಅಂದ್ರೆ ಕೇಸು ತಲೆ ಮೇಲೆ ಬರುತ್ತೆ, ವಿಮೆಯೋರೂ ಕೈ ಎತ್ತಬಹುದು. ಅದಿರ್ಲಿ, ಪೆಟ್ಟಾದೋರಿಗೆ ಏನಂತ ಮುಖ ತೋರಿಸೋದು?"

ಗಂಜಿಯಣ್ಣ ಕಾಲರು ಸರಿಮಾಡಿಕೊಂಡ.

ಹೆಂಡತಿ ಹಟಕ್ಕೆ ಬಿದ್ದು ಓದಿದಳು. ಪರೀಕ್ಷೆಗೆ ಹೋದಳು. ಫೇಲಾಗಿ ಬಂದಳು.

ಆಗಿದ್ದು ಹೀಗೆ. ವರ್ಷಗಟ್ಟಲೆ ವ್ಯಾನಿನಲ್ಲಿ ಕೂತು ಹೋಗಿದ್ದ ಅವಳಿಗೆ ಪ್ರತಿ ಫಲಕವೂ ಚೆನ್ನಾಗಿ ಪರಿಚಯ. ಆದರೆ ಪರಿಚಯ ಇದ್ದದ್ದು ವಿಳಾಸದ ಗುರುತಾಗಿ ಮಾತ್ರ. ಹಾರ್ನಿನ ಮೇಲೆ ಗೀಟು ಎಳೆದ ಚಿತ್ರ ಬಂತು. ಅದು ಇರುವುದು ಆಸ್ಪತ್ರೆಯ ಗೇಟಿನಲ್ಲಿ. ಅವಳು 'ಹತ್ತಿರದಲ್ಲಿ ಆಸ್ಪತ್ರೆ ಇದೆ' ಎಂದು ಒತ್ತಿದಳು. ತಲೆಕೆಳಗಾದ ತ್ರಿಕೋನ ಬಂತು. ಅದು ಇರುವುದು ಪಂಕ್ಚರ್ ಅಂಗಡಿಯ ತಿರುವಿನಲ್ಲಿ. ಉತ್ತರಗಳಲ್ಲಿ ಪಂಕ್ಚರ್ ಅಂಗಡಿಯೇ ಇರಲಿಲ್ಲ.

"ಪಾಪ, ಕಂಪ್ಯೂಟರಿಗೆ ನಮ್ಮ ಬೀದಿ ಗೊತ್ತಿಲ್ಲ," ಎಂದು ಅತ್ತೆ ಸಮಾಧಾನ ಹೇಳಿದಳು.

ಬಸ್ಸಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಬಿಡಿಸಿ ಹೇಳಿದಳು. "ಫಲಕ ಅಲ್ಲಿ ಏನಿದೆ ಅಂತ ಹೇಳೋಕಲ್ಲ ಅತ್ತಿಗೆ, ನೀವು ಏನು ಮಾಡ್ಬೇಕು ಅಂತ ಹೇಳೋಕೆ. ಹಾರ್ನಿನ ಮೇಲೆ ಗೀಟು ಇದ್ರೆ ಹಾರ್ನ್ ಹೊಡೀಬಾರದು. ತಲೆಕೆಳಗಾದ ತ್ರಿಕೋನ ಅಂದ್ರೆ ನೀವು ಸೇರೋ ರಸ್ತೇಲಿ ಬರೋರಿಗೆ ದಾರಿ ಬಿಡಿ ಅಂತ. ಒಂದು ಹಿಡಿತ ಹೇಳ್ತೀನಿ. ದುಂಡಗಿರೋದು ಸಾಮಾನ್ಯವಾಗಿ ಅಪ್ಪಣೆ, ಪಾಲಿಸಲೇಬೇಕು. ಮೇಲ್ಮುಖ ತ್ರಿಕೋನ ಎಚ್ಚರಿಕೆ, ಮುಂದೆ ಏನೋ ಇದೆ. ಚೌಕಾಕಾರದ್ದು ಮಾಹಿತಿ."

ಗಂಜಿಯಣ್ಣ ಬಾಗಿಲಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದ. ಹೆಂಡತಿ ಫೇಲಾದಳೆಂದು ಅವನಿಗೆ ಒಳಗೊಳಗೇ ನೆಮ್ಮದಿಯಾಗಿತ್ತು. ಹಾಗೆ ನೆಮ್ಮದಿಯಾದದ್ದಕ್ಕೆ ನಾಚಿಕೆಯೂ ಆಗಿತ್ತು. ಹಗುರಾಗಿ ಕೇಳುವಂತೆ ಕೇಳಿದ, "ಆಫೀಸಿನ ಹೊರಗೆ ಯಾರಾದ್ರೂ ಸಿಗ್ತಾರಲ್ಲ, ಪರೀಕ್ಷೆ ಗಿರೀಕ್ಷೆ ಇಲ್ದೆ ಮಾಡಿಸ್ಕೊಡೋರು?"

"ಸಿಕ್ಕಿದ್ದ," ಎಂದಳು ಹೆಂಡತಿ. "ಬಂದು ಕಿವೀಲಿ ಉಸುರಿದ. ನಾನು ಕೇಳ್ದೆ, ಪರೀಕ್ಷೆ ನನ್ನ ಬದಲು ನೀನು ಮಾಡಿಸ್ಕೊಡ್ತೀಯ, ಸರಿ. ಆಮೇಲೆ ರಸ್ತೇಲಿ ನನ್ನ ಬದಲು ನೀನೇ ನೋಡ್ತೀಯೇನಪ್ಪ ಅಂತ. ಹಲ್ಲು ಕಿರಿದು ಬೇರೆಯೋರ ಹತ್ರ ಹೋದ."

ಗಂಜಿಯಣ್ಣ ಅವಳನ್ನೇ ನೋಡಿದ. ಇಷ್ಟು ವರ್ಷ ಸಂಸಾರ ಮಾಡಿಯೂ ಇವಳ ನಾಲಿಗೆ ಇಷ್ಟು ಚುರುಕೆಂದು ತಿಳಿದಿರಲಿಲ್ಲವಲ್ಲ ಎನ್ನಿಸಿತು. ಮೆಚ್ಚುಗೆ ಬಾಯಿಗೆ ಬಂತು, ಆದರೆ ಕಾಲರು ಅದನ್ನು ಅಲ್ಲೇ ತಡೆಯಿತು.

ಮುಂದಿನ ವಾರ ಹಿಂದಿನ ಅಂಗಳದಲ್ಲಿ ಒಂದು ವಿಚಿತ್ರ ಶುರುವಾಯಿತು. ಮನೆಯ ಹಳೆಯ ಹರಿದ ದುಪ್ಪಟಿಗಳನ್ನು ಅವಳು ತುಂಡು ಮಾಡಿದಳು. ಕೆಂಪು ಬಟ್ಟೆಯ ಅಂಚು ಕೊಟ್ಟು, ಕಪ್ಪು ಚೂರುಗಳನ್ನು ಹೊಲಿದು, ಒಂದೊಂದು ತುಂಡನ್ನೂ ಒಂದೊಂದು ಫಲಕ ಮಾಡಿದಳು. ಬಟ್ಟೆ ತಂತಿಯ ಮೇಲೆ ಸಾಲಾಗಿ ನೇತುಹಾಕಿದಳು. ಬಕೆಟ್ ಹೊತ್ತು ಆ ತಂತಿಯ ಕೆಳಗೆ ಓಡಾಡುವಾಗ, ಬಟ್ಟೆ ಹಿಂಡುವಾಗ, ಕ್ಲಿಪ್ಪು ಹಾಕುವಾಗ, ಎದುರಾದ ಫಲಕ ಏನು ಮಾಡು ಎನ್ನುತ್ತದೋ ಅದನ್ನು ಮಾಡುತ್ತಿದ್ದಳು. 'ನಿಲ್ಲಿ' ಎಂಬಲ್ಲಿ ಬಕೆಟ್ ಸಮೇತ ನಿಂತು ಎರಡೂ ಕಡೆ ನೋಡಿ ಮುಂದೆ ಹೋಗುತ್ತಿದ್ದಳು. 'ದಾರಿ ಬಿಡಿ' ಎಂಬಲ್ಲಿ ಅತ್ತೆಗೆ ದಾರಿ ಬಿಡುತ್ತಿದ್ದಳು. ಮಗನ ಮದುವೆಯಾದಾಗಿನಿಂದ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ ಎಂದು ಅತ್ತೆ ಬೀಗಿದಳು.

ಎರಡನೇ ಸಲದ ಪರೀಕ್ಷೆಯ ಹಿಂದಿನ ಸಂಜೆ ಬಸ್ಸಕ್ಕ ಬಂದು ಎಲ್ಲ ಫಲಕಗಳನ್ನೂ ಅಂಗಳದ ಆ ತುದಿಯ ತಂತಿಗೆ ಬದಲಾಯಿಸಿ ಹಾಕಿದಳು. ಹೆಂಡತಿ ಫಲಕಗಳಿಗೆ ಬೆನ್ನು ಮಾಡಿ ಕೂತಳು.

"ಅಣ್ಣ, ನೀವು ಇಲ್ಲಿಂದಲೇ ಒಂದೊಂದನ್ನ ನೋಡಿ ಅದರ ಆಕಾರ, ಚಿತ್ರ ಹೇಳ್ತಾ ಹೋಗಿ. ಅತ್ತಿಗೆ ಅರ್ಥ ಹೇಳಲಿ."

ಗಂಜಿಯಣ್ಣ ತಂತಿಯ ಕಡೆ ನೋಡಿದ. ಕಣ್ಣು ಕಿರಿದು ಮಾಡಿ ನೋಡಿದ. ತಂತಿಯ ಮೇಲೆ ಬಿಳಿ ಬಿಳಿಯಾಗಿ ಏನೋ ಅಲುಗಾಡುತ್ತಿತ್ತು. ಒಂದೆರಡು ಕಡೆ ಕೆಂಪು ಇದ್ದಂತೆ ತೋರಿತು. ದುಂಡಗೋ, ಮೂರು ಮೂಲೆಯೋ, ಏನೊಂದೂ ತಿಳಿಯಲಿಲ್ಲ.

"ಮೊದಲನೇದು ದುಂಡಗಿದೆ," ಎಂದ ಧೈರ್ಯ ಮಾಡಿ.

ಮೊದಲ ಫಲಕ ತ್ರಿಕೋನವಾಗಿತ್ತು. ಹೆಂಡತಿ ತಿರುಗಿ ಫಲಕವನ್ನು ನೋಡಲಿಲ್ಲ, ಗಂಡನ ಮುಖವನ್ನು ನೋಡಿದಳು. ಆ ನೋಟದಲ್ಲಿ ಆಶ್ಚರ್ಯ ಎಳ್ಳಷ್ಟೂ ಇರಲಿಲ್ಲ.

"ನಿಂಗೆ ಗೊತ್ತಿತ್ತಾ?" ಎಂದ ಅವನು, ಸಣ್ಣ ದನಿಯಲ್ಲಿ.

"ಮಳೆಗಾಲದಿಂದ ಗೊತ್ತು," ಎಂದಳು. "ಅದಕ್ಕೇ ಜೊತೆಗೆ ಬಂದು ಕೂರ್ತಿದ್ದೆ."

ಆಗ ಅವನಿಗೆ ಎಲ್ಲವೂ ತಿಳಿಯಿತು. ಸೈಕಲ್ ಬಂತು, ನಾಯಿ ಮಲಗಿದೆ, ಲಾರಿ ಹಿಂದಕ್ಕೆ ಬರ್ತಿದೆ. ಅವನು ರೇಡಿಯೋ ಎಂದು ಗೊಣಗಿದ್ದ ಆ ಮಾತೇ ಅವನ ಕಣ್ಣಾಗಿತ್ತು. ಇಷ್ಟು ದಿನ ವ್ಯಾನು ಓಡಿಸಿದ್ದು ಅವನೊಬ್ಬನೇ ಅಲ್ಲ. ಅವನ ಮಾನಕ್ಕೆ ಒಂದು ಗೀರೂ ಬೀಳದಂತೆ, ಒಂದು ಮಾತು ಎತ್ತಿ ಆಡದೆ, ಅವಳು ಪಕ್ಕದಲ್ಲಿ ಕೂತು ಇಬ್ಬರನ್ನೂ ಮನೆಗೆ ತಂದು ಮುಟ್ಟಿಸುತ್ತಿದ್ದಳು.

"ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ನೀವು ಒಪ್ತಿದ್ರಾ? ಮೊದಲು ಸ್ಟಿಯರಿಂಗ್ ಹಿಡಿಯೋಕೆ ಇನ್ನೊಂದು ಕೈ ತಯಾರಾಗ್ಲಿ, ಆಮೇಲೆ ಮಾತಾಡೋಣ ಅಂದ್ಕೊಂಡೆ. ಆದ್ರೆ ಕಾದಿದ್ದು ತಪ್ಪೇ. ಕಂಬದ ದಿನ ನಂಗೆ ಕೈಕಾಲೇ ಆಡ್ಲಿಲ್ಲ."

ಗಂಜಿಯಣ್ಣ ಅಂಗಿಯ ಜೇಬಿನಿಂದ ವ್ಯಾನಿನ ಕೀ ತೆಗೆದ. ಮಲಗುವಾಗಲೂ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ ಕೀ ಅದು. ತಂತಿಯ ಮೇಲಿನ ಒಂದು ಖಾಲಿ ಕ್ಲಿಪ್ಪಿಗೆ ಸಿಕ್ಕಿಸಿದ. "ನಾಳೆಯಿಂದ ನಾನು ಓಡಿಸಲ್ಲ," ಎಂದ.

ಲೈಸೆನ್ಸ್ ಬರುವವರೆಗೂ ಬೆಳಗಿನ ಟ್ರಿಪ್ಪಿಗೆ ಬಾಡಿಗೆ ಡ್ರೈವರನ್ನು ಹಿಡಿದರು. ಖರ್ಚಿಗೆ ಕೈ ಬಿಗಿಯಾಯಿತು, ಆದರೆ ಕೆಲಸ ತಪ್ಪಲಿಲ್ಲ. ಮರುದಿನ ಹೆಂಡತಿ ಕಲಿಕಾ ಪರೀಕ್ಷೆ ಪಾಸಾದಳು. ಹಾರ್ನಿನ ಚಿತ್ರ ಮತ್ತೆ ಬಂದಾಗ ನಗು ತಡೆಯಲು ತುಟಿ ಕಚ್ಚಿಕೊಂಡಳಂತೆ. ವ್ಯಾನಿಗೆ ಎಲ್ ಬೋರ್ಡ್ ಬಂತು. ಸಂಜೆ ಸಂಜೆ ಬಸ್ಸಕ್ಕ ಪಕ್ಕದಲ್ಲಿ ಕೂತು ಕಲಿಸಿದಳು. ಎಂಜಿನ್ ಎಷ್ಟೋ ಸಲ ನಡುರಸ್ತೆಯಲ್ಲಿ ಆರಿತು, ಹಿಂದಿನವರು ಹಾರ್ನ್ ಹೊಡೆದರು, ಇವಳು ಸೊಪ್ಪು ಹಾಕಲಿಲ್ಲ. ಡ್ರೈವಿಂಗ್ ಪರೀಕ್ಷೆಯ ದಿನ ಅಧಿಕಾರಿ ಹಿಂದಕ್ಕೆ ತಗೊಳ್ಳಿ ಎಂದಾಗ, ದುಪ್ಪಟಿಯ ಮಡಿಕೆ ಕೂಡಿಸಿದ ಹಾಗೆ ವ್ಯಾನನ್ನು ಗೆರೆಗೆ ಸರಿಯಾಗಿ ತಂದು ನಿಲ್ಲಿಸಿದಳು.

ಅತ್ತ ಗಂಜಿಯಣ್ಣನ ಕಣ್ಣಿನಲ್ಲಿ ಪೊರೆ ಬೆಳೆದಿದೆ ಎಂದು ಡಾಕ್ಟರು ಹೇಳಿದರು. ಅದೇ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ತಾನು ಒಗೆದ ಹಾಸಿಗೆ ಬಟ್ಟೆಯ ಮೇಲೆಯೇ ಮಲಗಿದ್ದೆ ಎಂದು ಬಂದವರಿಗೆಲ್ಲ ಹೇಳಿಕೊಂಡ.

ಕಣ್ಣು ತಿಳಿಯಾದ ಮೇಲೆ ಒಂದು ಬೆಳಗ್ಗೆ ಅವನು ಹೆಂಡತಿಯ ಪಕ್ಕದಲ್ಲಿ ಕೂತು ಹೊರಟ. ತಾನು ಗುದ್ದಿದ್ದ ಕಂಬ ಇನ್ನೂ ಸೊಟ್ಟಗೇ ನಿಂತಿತ್ತು. ಅದರ ತುದಿಯಲ್ಲೊಂದು ಫಲಕ ಇತ್ತು. ಅಲ್ಲಿ ಫಲಕ ಇದೆ ಎಂಬುದೇ ಅವನಿಗೆ ಅವತ್ತು ಗೊತ್ತಾಗಿರಲಿಲ್ಲ. ಕೆಂಪು ಅಂಚಿನ ತ್ರಿಕೋನ. ಒಳಗೆ ಕೈ ಕೈ ಹಿಡಿದ ಎರಡು ಪುಟ್ಟ ಆಕೃತಿಗಳು.

"ಮಕ್ಕಳು ದಾಟೋ ಜಾಗ," ಎಂದಳು ಹೆಂಡತಿ, ವೇಗ ಇಳಿಸುತ್ತ.

ಬೀದಿಯ ಆಚೆಯಿಂದ ಇಬ್ಬರು ಮಕ್ಕಳು ಚೀಲ ಬೆನ್ನಿಗೇರಿಸಿ ಬರುತ್ತಿದ್ದರು. ಅವಳು ವ್ಯಾನು ನಿಲ್ಲಿಸಿ ಕೈ ಬೀಸಿದಳು. ಅವರು ಆ ಸೊಟ್ಟ ಕಂಬವನ್ನು ಸವರಿಕೊಂಡೇ ದಾಟಿ ಹೋದರು. ಗಂಜಿಯಣ್ಣ ಆ ಮಕ್ಕಳನ್ನೂ ಕಂಬವನ್ನೂ ನೋಡಿದ. ಅವತ್ತು ಅಲ್ಲಿ ನಿಂತಿದ್ದದ್ದು ಬರೀ ಕಂಬ, ಮಕ್ಕಳಲ್ಲ.

"ಇನ್ನೇನು, ಡಾಕ್ಟರು ಓಡಿಸಬಹುದು ಅಂದಿದ್ದಾರಲ್ಲ. ಬೆಳಗಿನ ಟ್ರಿಪ್ ನೀವೇ ಹೋಗ್ತೀರಾ?" ಎಂದಳು ಹೆಂಡತಿ.

"ಬೇಡ," ಎಂದ ಗಂಜಿಯಣ್ಣ. "ನೀನು ಓಡಿಸು. ನಾನು ಮೊದಲು ಆ ತಂತಿ ಕೆಳಗೆ ನಾಲ್ಕು ದಿನ ಬಕೆಟ್ ಹೊತ್ತು ಓಡಾಡ್ತೀನಿ."

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಗಾಡಿ ಇರಬಹುದು, ದಾರಿ ಬಾಯಿಪಾಠವಾಗಿರುವವರು ಇರಬಹುದು. ಬಾಯಿಪಾಠದ ದಾರಿಗೆ ನಾಳೆ ಒಂದು ಹೊಸ ಕಂಬ ಬರುತ್ತದೆ, ಒಂದು ಮಗು ಬರುತ್ತದೆ. ಲೈಸೆನ್ಸ್ ಇಲ್ಲದೆ ಸ್ಟಿಯರಿಂಗ್ ಮುಟ್ಟಬೇಡಿ. ಕಲಿಕಾ ಪರೀಕ್ಷೆಗೆ ನೀವೇ ಓದಿ, ನೀವೇ ಉತ್ತರ ಕೊಡಿ. ಒಂದು ಸಲ ಫೇಲಾದರೆ ಮತ್ತೆ ಹೋಗಿ. ಲೈಸೆನ್ಸ್ ಇದ್ದವರೂ ಡಾಕ್ಟರ ಹತ್ತಿರ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಇವತ್ತು ಸಂಜೆ ಮನೆಯವರೆಲ್ಲ ಕೂತು ನಿಮ್ಮ ಬೀದಿಯ ಒಂದೊಂದು ಫಲಕದ ಅರ್ಥ ಕೇಳಿಕೊಳ್ಳಿ. ಯಾರಾದರೂ 'ಅದು ಪಂಕ್ಚರ್ ಅಂಗಡಿ' ಎಂದರೆ ನಗಿ, ಆಮೇಲೆ ಅವತ್ತೇ ಕಲಿಯಲು ಶುರು ಮಾಡಿ.