ಡ್ರಾಫ್ಟಿನೊಳಗಿನ ಅಣ್ಣತಮ್ಮಂದಿರು

ಒಂದೇ ಅಂಗಡಿಯಲ್ಲಿ, ಒಂದೇ ಸೂರಿನಡಿ, ಅಣ್ಣತಮ್ಮಂದಿರಿಬ್ಬರು ಮೂರು ವರ್ಷ ಮಾತಿಲ್ಲದೆ ಕೆಲಸ ಮಾಡಿದರು ಎಂದರೆ ಯಾರೂ ನಂಬುವುದಿಲ್ಲ. ಅವರಿಬ್ಬರನ್ನು ನೋಡಿದವರು ನಂಬುತ್ತಾರೆ. ಹಠದಲ್ಲಿ ಅಣ್ಣನಿಗಿಂತ ತಮ್ಮ ಒಂದು ಕೈ ಮೇಲು, ತಮ್ಮನಿಗಿಂತ ಅಣ್ಣ ಎರಡು ಕೈ ಮೇಲು.

ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ ಅದು. ಹಿಂದಿನ ಕೋಣೆಯಲ್ಲಿ ಅಣ್ಣ ಮರದ ಪಟ್ಟಿ ಕೊಯ್ದು, ಮೂಲೆ ಕೂಡಿಸಿ, ಗಾಜು ಕೂರಿಸುತ್ತಿದ್ದ. ಮುಂದೆ ತಮ್ಮ ಗಿರಾಕಿಗಳನ್ನು ಮಾತಾಡಿಸಿ, ಅಳತೆ ಬರೆದ ಚೀಟಿಯನ್ನು ಫೋಟೋ ಜೊತೆ ಒಳಗೆ ಕಳಿಸುತ್ತಿದ್ದ. ಒಮ್ಮೆ ಅಳತೆ ತಪ್ಪಿತು. ಯಾರದೋ ಅಜ್ಜಿಯ ದೊಡ್ಡ ಫೋಟೋ, ಫ್ರೇಮ್ ಮಾತ್ರ ಅಜ್ಜಿಯ ಹಣೆಯವರೆಗೂ ಬರಲಿಲ್ಲ. ಅಣ್ಣ ಅದನ್ನು ಎತ್ತಿಕೊಂಡು ಮುಂದೆ ಬಂದು, ಗಿರಾಕಿಯ ಎದುರಿಗೇ, "ಇವನಿಗೆ ಟೇಪು ಹಿಡಿಯೋಕೂ ಬರಲ್ಲ. ಅಪ್ಪ ಇವನನ್ನ ಓದಿಸಿದ್ದೇ ದಂಡ" ಎಂದ. ತಮ್ಮನ ಮುಖ ಸಪ್ಪಗಾಯಿತು. ಗಿರಾಕಿ ಹೋದ ಮೇಲೆ, "ಇನ್ನು ನಿನ್ನ ಹತ್ರ ಮಾತಾಡಿದ್ರೆ ಕೇಳು" ಎಂದ. "ಮಾತಾಡು ಅಂತ ಇಲ್ಲಿ ಯಾರು ಕಾಲಿಗೆ ಬಿದ್ದಿದ್ದಾರೆ?" ಎಂದ ಅಣ್ಣ.

ಅಷ್ಟೇ ಜಗಳ. ಆಸ್ತಿಯಲ್ಲ, ಮನೆಯಲ್ಲ, ಹೆಂಡಿರ ಚಾಡಿಯೂ ಅಲ್ಲ. ಬೇರೆ ಯಾರಾದರೂ ಆಗಿದ್ದರೆ ಮಾರನೆಯ ದಿನ ಒಂದು ಲೋಟ ಚಹಾದಲ್ಲಿ ಮುಗಿಯುತ್ತಿತ್ತು. ಇವರು ಮೊದಲು ಯಾರು ಬಾಯಿ ಬಿಡಬೇಕು ಎಂಬ ಪ್ರಶ್ನೆ ಹಿಡಿದು ಕೂತರು.

ಆದರೂ ಅವರು ಮಾತು ಬಿಟ್ಟಿರಲಿಲ್ಲ ಎನ್ನುವುದು ಇಲ್ಲಿಯ ತಮಾಷೆ. ಅಂಗಡಿಗೆ ಒಂದೇ ಇಮೇಲ್ ಖಾತೆ. ಅದನ್ನು ತಮ್ಮ ಮುಂದಿನ ಕಂಪ್ಯೂಟರಿನಲ್ಲಿ, ಅಣ್ಣ ಹಿಂದಿನ ಹಳೆಯ ಕಂಪ್ಯೂಟರಿನಲ್ಲಿ, ಇಬ್ಬರೂ ಬ್ರೌಸರಿನಲ್ಲೇ ತೆರೆದು ನೋಡುತ್ತಿದ್ದರು. ಒಂದು ದಿನ ತಮ್ಮ ಗಿರಾಕಿಯೊಬ್ಬರಿಗೆ ಅರ್ಧ ಉತ್ತರ ಬರೆದು ಎದ್ದು ಹೋಗಿದ್ದ. ಕಳಿಸದ ಆ ಕರಡು ಡ್ರಾಫ್ಟಿನಲ್ಲಿ ಉಳಿದಿತ್ತು. ಅಣ್ಣ ಅದನ್ನು ಕಂಡು ಕೆಳಗೆ ಸೇರಿಸಿದ: "ಕಪ್ಪು ಪಟ್ಟಿ ಮುಗಿದಿದೆ, ಒಪ್ಪಿಕೊಳ್ಳಬೇಡ." ತಮ್ಮ ಬಂದು ನೋಡಿ ಅದರ ಕೆಳಗೆ ಬರೆದ: "ಮುಗಿಯೋ ತನಕ ನಿದ್ದೆ ಮಾಡ್ತಿದ್ಯಾ?" ಅಣ್ಣ ಗರಗಸ ಕೆಳಗಿಟ್ಟು ನಕ್ಕ. ಗೋಡೆಯಾಚೆ ಕೇಳಿಸದ ಹಾಗೆ ನಕ್ಕ.

ಅಲ್ಲಿಂದ ಶುರು. ಯಾರಿಗೂ ಕಳಿಸದ ಒಂದು ಇಮೇಲ್, ಅದರಲ್ಲಿ ಸಾಲಿನ ಕೆಳಗೆ ಸಾಲು. "ನಿನ್ನ ಮಗಳ ಜ್ವರ ಇಳೀತಾ?" "ಇಳೀತು. ನಿನ್ನ ಬೆನ್ನು?" "ಬೆನ್ನು ಬೆನ್ನಿನ ಜಾಗದಲ್ಲೇ ಇದೆ." ಹಬೆಯಾಡುವ ಚಹಾದ ಲೋಟ ತಂದು ಒಬ್ಬರ ಮುಂದೊಬ್ಬರು ಇಡುವಾಗಲೂ ಮುಖ ನೋಡುತ್ತಿರಲಿಲ್ಲ. ಡ್ರಾಫ್ಟಿನಲ್ಲಿ ಮಾತ್ರ ಹರಟೆ. ಕಳಿಸಿದರೆ ತಾನೇ ಮಾತಾಡಿದ ಹಾಗೆ? ಇದು ಕಳಿಸಿಯೇ ಇಲ್ಲವಲ್ಲ. ಹಾಗಾಗಿ ಯಾರೂ ಸೋತಿಲ್ಲ. ಇಂಥ ತರ್ಕಕ್ಕೆ ಏನು ಹೇಳೋಣ! ಅವರಿಬ್ಬರಿಗೆ ಅದು ಸಾಕಾಗಿತ್ತು.

ಹೀಗಿರುವಾಗ ಅಣ್ಣನ ಅಳಿಯ ಬಂದ. ಒಳ್ಳೆಯ ಹುಡುಗ, ಆದರೆ ಯಾವುದನ್ನೂ ಇದ್ದ ಹಾಗೆ ಬಿಡುವ ಜಾಯಮಾನವಲ್ಲ. ಮಾವ ಒಂದು ಫೋಟೋ ತೆರೆಯಲು ಬ್ರೌಸರಿನ ಮುಂದೆ ಕೈಕಟ್ಟಿ ಕಾಯುವುದನ್ನು ಕಂಡು ಮರುಗಿದ. "ಇಷ್ಟು ಹೊತ್ತು ಕಾಯ್ಬೇಕಾ ಮಾವ? ಮೇಲ್‌ಗೇ ಅಂತ ಬೇರೆ ಪ್ರೋಗ್ರಾಂ ಇದೆ. ಈ ಖಾತೆನ ಅದಕ್ಕೆ ಜೋಡಿಸಿ ಕೊಡ್ತೀನಿ. ಬಂದ ಮೇಲ್‌ಗಳೆಲ್ಲ ತಾನಾಗೇ ಇಲ್ಲಿಗೆ ಇಳಿಯುತ್ತೆ."

ಅಣ್ಣನಿಗೆ ಒಂದೇ ಅನುಮಾನ. "ಮುಂದಿನ ಕಂಪ್ಯೂಟರಿಗೆ ಏನೂ ತೊಂದ್ರೆ ಆಗಲ್ಲ ತಾನೆ?"

"ಏನೂ ಆಗಲ್ಲ ಮಾವ. ಅವರಿಗೆ ಗೊತ್ತೂ ಆಗಲ್ಲ."

ವಿಳಾಸ ಹಾಕಿದ, ಪಾಸ್‌ವರ್ಡ್ ಹಾಕಿದ, ಮುಂದಿನ ಕಂಪ್ಯೂಟರಿಗೂ ಕಾಣುವಂತೆ ಸರ್ವರಿನಲ್ಲಿ ಪ್ರತಿ ಉಳಿಯಲಿ ಎನ್ನುವ ಕಡೆ ಗುರುತೂ ಹಾಕಿದ. ಎರಡು ಬಗೆಯ ಜೋಡಣೆಯಲ್ಲಿ ಯಾವುದು ಬೇಕು ಎಂದು ಪ್ರೋಗ್ರಾಂ ಕೇಳಿದಾಗ ಹಳೆಯ ಕಂಪ್ಯೂಟರಿಗೆ ಹಗುರವಾದದ್ದನ್ನು, ಬಂದದ್ದನ್ನಷ್ಟೇ ಇಳಿಸಿಕೊಳ್ಳುವುದನ್ನು, ಆರಿಸಿದ. ಗಿರಾಕಿಗಳ ಇಮೇಲ್‌ಗಳು ಸಾಲಾಗಿ ಇಳಿದವು. ಮಾವನಿಗೆ ಖುಷಿಯಾಯಿತು. ಅಳಿಯ ಊಟ ಮುಗಿಸಿ ಹೊರಟ.

ಅವನು ಹೋದ ಮೇಲೆ ಅಣ್ಣ ಹೊಸ ಪ್ರೋಗ್ರಾಮಿನಲ್ಲಿ ಡ್ರಾಫ್ಟ್ ಹುಡುಕಿದ. ಸಿಕ್ಕಿತು. ಖಾಲಿ.

ಇಡೀ ಖಾತೆಯೇ ಇಲ್ಲಿಗೆ ಬಂದಿದೆ ಎಂದು ನಂಬಿದ್ದವನಿಗೆ ಬ್ರೌಸರ್ ತೆರೆದು ನೋಡುವ ಯೋಚನೆ ಬರಲಿಲ್ಲ; ಅಷ್ಟೂ ಮಾತನ್ನು ತಮ್ಮ ಅಳಿಸಿ ಹಾಕಿದ್ದಾನೆ ಎಂದುಕೊಂಡ. ಹಿಂದಿನ ದಿನ ತಾನು, "ಮುಂದಿನ ಗಾಜು ಒರೆಸು, ಧೂಳಲ್ಲಿ ನಿನ್ನ ಮುಖವೇ ಕಾಣಲ್ಲ" ಎಂದು ಬರೆದಿದ್ದ. ಅದಕ್ಕೇ ಮುನಿಸು ಇರಬೇಕು. ಎದ್ದು ಹೋಗಿ ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವುದು ಹೇಗೆ, ಮಾತು ಬಿಟ್ಟಿದ್ದಾರಲ್ಲ! ಎರಡು ದಿನ ಬಿಟ್ಟು, ದೊಡ್ಡವನು ನಾನೇ ಸೋಲುತ್ತೇನೆ ಎಂದು, ಖಾಲಿ ಡ್ರಾಫ್ಟಿನಲ್ಲಿ ಬರೆದ: "ಕೋಪ ಬಂತಾ?" ಉತ್ತರ ಬರಲಿಲ್ಲ. ಬರುವುದಾದರೂ ಎಲ್ಲಿಂದ? ಆ ಸಾಲು ಅವನ ಕಂಪ್ಯೂಟರಿನ ಹೊಟ್ಟೆಯೊಳಗೇ ಕೂತಿತ್ತು.

ಗೋಡೆಯ ಈಚೆಗೆ ತಮ್ಮನೂ ಬರೆಯುತ್ತಿದ್ದ, ಎಂದಿನ ಜಾಗದಲ್ಲೇ. ಅವನ ಭಾವ ದೂರದ ಊರಲ್ಲಿ ಒಂದು ಅಂಗಡಿ ನೋಡಿದ್ದರು, ಬಂದು ಸ್ವಂತವಾಗಿ ನಡೆಸು ಎಂದು ದುಂಬಾಲು ಬಿದ್ದಿದ್ದರು. ತಮ್ಮನಿಗೆ ಹೋಗುವ ಮನಸ್ಸು ಇರಲಿಲ್ಲ. ಬೇಡ ಎನ್ನಲು ಒಂದು ನೆಪ ಬೇಕಿತ್ತು, ಆ ನೆಪ ಅಣ್ಣನೇ ಆಗಬೇಕಿತ್ತು. ಬರೆದ: "ಹೋಗಲಾ ಬೇಡ್ವಾ, ಹೇಳು. ನೀನು ಬೇಡ ಅಂದ್ರೆ ಹೋಗಲ್ಲ." ಪ್ರತಿದಿನ ಅಂಗಡಿ ತೆಗೆದ ಕೂಡಲೇ ಅದನ್ನೇ ತೆರೆದು ನೋಡುತ್ತಿದ್ದ. ತನ್ನ ಸಾಲಿನ ಕೆಳಗೆ ಬಿಳಿ ಜಾಗ ಹಾಗೇ ಇರುತ್ತಿತ್ತು. ಒಳಗಿನಿಂದ ಗರಗಸದ ಸದ್ದು ಮಾತ್ರ ನಿಲ್ಲದೆ ಬರುತ್ತಿತ್ತು. ನಾನು ಹೋದರೇನು ಇದ್ದರೇನು, ಇವನ ಕೊಯ್ತ ಇವನಿಗೆ ಎಂದುಕೊಂಡು ಪುಟ ಮುಚ್ಚುತ್ತಿದ್ದ.

ಹೊರಡುವ ಸುದ್ದಿ ಅಣ್ಣನಿಗೆ ಹೆಂಡತಿಯಿಂದ ಗೊತ್ತಾಯಿತು. "ಮೈದುನ ಮನೆ ಖಾಲಿ ಮಾಡ್ತಾರಂತೆ. ಒಂದು ಮಾತು ಹೋಗ್ಬೇಡ ಅನ್ನಬಾರದಾ ನೀವು?"

"ಅಂತೀನಿ" ಎಂದು ಅಣ್ಣ ಕಂಪ್ಯೂಟರಿನ ಮುಂದೆ ಕೂತ. "ಹೋಗಬೇಡ ಕಣೋ. ಅವತ್ತು ಗಿರಾಕಿಯೆದುರು ಅಂದಿದ್ದು ನನ್ನದೇ ತಪ್ಪು. ನನಗೆ ಈ ಅಂಗಡೀಲಿ ಒಬ್ಬನೇ ಇರೋಕೆ ಆಗಲ್ಲ." ಮೂರು ವರ್ಷದಿಂದ ಹೇಳಲಾಗದೆ ಇಟ್ಟುಕೊಂಡದ್ದು ಅದು. ಸೇವ್ ಮಾಡಿ, ಹೆಂಡತಿಯ ಹತ್ತಿರ ಬಂದು, "ಹೇಳಿದ್ದೀನಿ" ಎಂದ. ಪಾಪ, ಅವಳು ನಂಬಿದಳು.

ಹೊರಡುವ ದಿನ ತಮ್ಮ ಅಂಗಡಿಯ ಬೀಗದ ಕೈ ಕೊಡಲು ಬಂದ. ಅಣ್ಣ ಹಿಂದಿನ ಕೋಣೆಯಿಂದ ಎದ್ದು ಬಂದು ನಿಂತ. ಎಲ್ಲ ಓದಿಯೂ ಹೊರಟಿದ್ದಾನಲ್ಲ, ಎಂಥ ಕಲ್ಲು ಮನಸ್ಸು ಎಂದು ಇವನು. ಅಷ್ಟು ಕೇಳಿದರೂ ಬೇಡ ಎನ್ನಲಿಲ್ಲವಲ್ಲ ಎಂದು ಅವನು. ತಮ್ಮ ಕೀಲಿಯನ್ನು ಮೇಜಿನ ಮೇಲಿಟ್ಟ. ಬೇಕಿಲ್ಲದಿದ್ದರೂ ಚಪ್ಪಲಿ ಸರಿಮಾಡಿಕೊಂಡ. ಅಣ್ಣ ಕೆಮ್ಮಿದ. ತಮ್ಮ ತಟ್ಟನೆ ತಲೆಯೆತ್ತಿದ. ಅದು ಬರೀ ಕೆಮ್ಮು. ತಮ್ಮ ಮೆಟ್ಟಿಲಿಳಿದು ಹೋದ.

ಆಮೇಲೆ ಗಿರಾಕಿಗಳನ್ನು ಮಾತಾಡಿಸಲು ಅಣ್ಣನೇ ಮುಂದೆ ಕೂರಬೇಕಾಯಿತು. ಕೆಲವು ವಾರ ಅಲ್ಲಿದ್ದ ತಮ್ಮನ ಕಂಪ್ಯೂಟರನ್ನು ಮುಟ್ಟಲೂ ಇಲ್ಲ. ಒಬ್ಬ ಗಿರಾಕಿ ಹಿಂದೆ ತಮ್ಮ ಕಳಿಸಿದ್ದ ಉತ್ತರ ಬೇಕೆಂದು ಕೂತಾಗ ತೆರೆಯಲೇಬೇಕಾಯಿತು. ಬ್ರೌಸರಿನಲ್ಲಿ ಹಳೆಯ ಪುಟ ಬಂತು. ಪಕ್ಕದಲ್ಲಿ ಡ್ರಾಫ್ಟ್. ಅದು ಖಾಲಿ ಇರಲಿಲ್ಲ. ಮೂರು ವರ್ಷದ ಹರಟೆ ಒಂದು ಸಾಲೂ ಅಳಿಯದೆ ಇತ್ತು. ಅಡಿಯಲ್ಲಿ ತಾನು ಎಂದೂ ಕಾಣದ ಸಾಲುಗಳಿದ್ದವು. ಗಾಜು ಒರೆಸಿದ್ದೀನಿ, ಈಗ ಮುಖ ಕಾಣುತ್ತಾ? ಹೋಗಲಾ ಬೇಡ್ವಾ? ಯಾಕೆ ಸುಮ್ಮನಿದ್ದೀಯ? ಕೊನೆಗೆ, "ಸರಿ, ಹೊರಡ್ತೀನಿ ಅಣ್ಣ."

ಗಿರಾಕಿಗೆ ನಾಳೆ ಬನ್ನಿ ಎಂದು ಹೇಳಿ ಕಳಿಸಿದ. ಅಳಿಯನಿಗೆ ಫೋನ್ ಮಾಡಿದ. "ಆ ಜೋಡಣೆ ಬಂದ ಮೇಲ್‌ಗಳನ್ನ ಮಾತ್ರ ತರುತ್ತೆ ಮಾವ. ಡ್ರಾಫ್ಟ್ ಆಯಾ ಕಡೆಯೇ ಉಳಿಯುತ್ತೆ. ಯಾಕೆ, ಅದರಲ್ಲಿ ಏನಾದ್ರೂ ಇತ್ತಾ? ಯಾರಿಗೂ ಕಳಿಸದ್ದು ತಾನೆ?"

"ಹೌದಪ್ಪ, ಯಾರಿಗೂ ಕಳಿಸದ್ದು" ಎಂದು ಫೋನ್ ಇಟ್ಟ.

ನಂತರ ತಮ್ಮನ ನಂಬರ್ ಒತ್ತಿದ. ಈ ಸಲ ಯೋಚಿಸಲಿಲ್ಲ. ಯೋಚಿಸಿದ್ದರೆ ಮತ್ತೆ ಕೆಮ್ಮುತ್ತಿದ್ದನೋ ಏನೋ.

"ನಾನು ಕಣೋ."

"ಅಣ್ಣ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ನೀನು ಬರ್ದಿದ್ದು ಇವತ್ತು ಓದಿದೆ. ನಾನೂ ಬರ್ದಿದ್ದೆ ಕಣೋ. ಹೋಗಬೇಡ ಅಂತ ಬರ್ದಿದ್ದೆ. ಅದು ನನ್ನ ಕಂಪ್ಯೂಟರಲ್ಲೇ ಉಳಿದುಬಿಟ್ಟಿದೆ." ಅಳಿಯ ಮಾಡಿದ್ದನ್ನು, ತನಗೆ ತಿಳಿದಷ್ಟು, ತಡವರಿಸುತ್ತ ಹೇಳಿದ. ತಾನು ಬರೆದ ಆ ಮೂರು ಸಾಲನ್ನೂ ನೆನಪಿನಿಂದಲೇ ಒಪ್ಪಿಸಿದ. "ವಾಪಸ್ ಬಂದ್ಬಿಡು."

ಅಲ್ಲಿಯ ಅಂಗಡಿಯ ಬಾಗಿಲು ತೆರೆದ ಸದ್ದು, ಯಾರೋ ಏನೋ ಕೇಳಿದ ಸದ್ದು, ಒಂದು ನಿಮಿಷ ಎಂದು ತಮ್ಮ ಅವರಿಗೆ ಹೇಳಿದ್ದು ಎಲ್ಲ ಅಣ್ಣನಿಗೆ ಕೇಳಿಸಿತು.

"ಇದ್ದ ದುಡ್ಡೆಲ್ಲ ಇಲ್ಲಿ ಹೂಡಿ ಆಯ್ತಣ್ಣ. ಮಗಳನ್ನ ಶಾಲೆಗೆ ಸೇರಿಸಿದ್ದೀನಿ. ಹಿಂದಕ್ಕೆ ಬರೋಕಾಗಲ್ಲ." ಕಾದಿದ್ದ ಗಿರಾಕಿಗೆ ಆಮೇಲೆ ಬನ್ನಿ ಎಂದ. "ಇದನ್ನ ಈಗ ಯಾಕೆ ಹೇಳಿದೆ? ನೀನು ಏನೂ ಹೇಳಲಿಲ್ಲ ಅನ್ನೋ ಸಿಟ್ಟಿನ ಮೇಲೇ ನಾನು ಇಲ್ಲಿ ದಿನ ತಳ್ತಾ ಇದ್ದೆ. ಇನ್ನು ಹೇಗಿರಲಿ ಹೇಳು?"

ಇಬ್ಬರೂ ಫೋನ್ ಇಡಲಿಲ್ಲ.